ಲಾಠಿಯ ಓದು

"ಎಲ್ಲಿ, ನಿಮ್ಮ ಕವಿತೆ ಕೊಡ್ರಪ್ಪ, ನೋಡಾನ" ಎಂದು ನನ್ನ ಕವಿತೆಯನ್ನು ಮೊಟ್ಟಮೊದಲು ಕೇಳಿ ಇಸಕೊಂಡು ಓದಿದವನು ವಿಮರ್ಶಕನಲ್ಲ, ಸಂಪಾದಕನೂ ಅಲ್ಲ. ಒಬ್ಬ ಪೊಲೀಸ್ ಪೇದೆ.

ನಾನಾಗ ಬಿ.ಎ. ಕೊನೇ ವರ್ಷ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಪೈಕಿ ಒಂದರ ಕಾಲೇಜು. ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಅಂಬೇಡ್ಕರ್ ಜಯಂತಿಗೆ ನಾವು ಹಾಸ್ಟೆಲ್ ಹುಡುಗರು ಕಾಲೇಜಿನ ಹೊಂಗೆ ಮರದ ಕೆಳಗೆ ಒಂದು ಕವಿಗೋಷ್ಠಿ ಇಟ್ಟುಕೊಂಡಿದ್ದೆವು. ಏಳು ಜನ ಕವಿಗಳು. ಏಳೂ ಜನ ತಮ್ಮ ಮನೆಯಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದವರು. ಅದಕ್ಕೆ ಎರಡು ದಿನ ಮೊದಲು ಪಕ್ಕದ ಹೋಬಳಿಯಲ್ಲಿ ಫ್ಲೆಕ್ಸ್ ಹರಿದ ವಿಷಯಕ್ಕೆ ಗಲಾಟೆಯಾಗಿತ್ತು. ನಮಗೂ ಆ ಗಲಾಟೆಗೂ ಸಂಬಂಧವಿಲ್ಲ. ಆದರೂ ಬೆಳಿಗ್ಗೆ ಹತ್ತಕ್ಕೆ ಪೇದೆ ಬಂದರು. "ಸಾಹೇಬ್ರು ಏನೇನ್ ಓದ್ತಾರೆ ನೋಡ್ಕಂಡ್ ಬಾ ಅಂದವ್ರೆ" ಎಂದು ಬೆಂಚಿನ ಮೇಲೆ ಕೂತು ಏಳೂ ಕವಿತೆ ಓದಿದರು.

ನನ್ನ ಗೆಳೆಯನ ಕವಿತೆಯಲ್ಲಿ 'ಬೆಂಕಿ' ಎಂಬ ಪದ ನಾಲ್ಕು ಸಲ ಬಂದಿತ್ತು. ಪೇದೆ ನಾಲ್ಕಕ್ಕೂ ನೀಲಿ ಪೆನ್ನಿನಲ್ಲಿ ಗೆರೆ ಹಾಕಿದರು. "ಸಾರ್, ಅದು ಒಲೆ ಬೆಂಕಿ. ಅವರವ್ವ ಹಸಿ ಸೌದೆ ಊದ್ತಾ ಕೂತಿರೋದು" ಅಂದೆವು. ಅವರು ಮತ್ತೊಮ್ಮೆ ಓದಿದರು, ನಿಧಾನವಾಗಿ, ತುಟಿ ಅಲ್ಲಾಡಿಸುತ್ತ. "ಚೆನ್ನಾಗೈತೆ ಕಣಪ್ಪ. ನಮ್ಮವ್ವನೂ ಇಂಗೇ ಊದೋಳು. ಆದ್ರೆ ಸಾಹೇಬ್ರಿಗೆ ನಾನು ಒಲೆ ಅಂತ ಎಂಗೇಳನ? ಅವ್ರು ಪದ ಕೇಳ್ತಾರೆ, ಅರ್ಥ ಕೇಳಕಿಲ್ಲ" ಎಂದರು.

ಮಧ್ಯಾಹ್ನದ ಹೊತ್ತಿಗೆ ಕಾಲೇಜಿನವರೇ ಬಂದು ಗೋಷ್ಠಿ ಬೇಡ ಎಂದರು. "ಅಷ್ಟು ಆಸೆಯಿದ್ರೆ ಮೈಸೂರ ಮಲ್ಲಿಗೆಯಿಂದ ಎರಡು ಹಾಡು ಹೇಳಿ ಮುಗಿಸಿ, ಅದಕ್ಕೆ ಯಾರ ಅಡ್ಡೀನೂ ಇಲ್ಲ" ಎಂದರು. ನಾವು ನಲವತ್ತು ಜನ ನೆಲದ ಮೇಲೆ ಕೂತೆವು. ಏಳಿ ಎಂದದ್ದು ಯಾರಿಗೂ ಕೇಳಿಸಲಿಲ್ಲ. ಲಾಠಿ ಬಿದ್ದದ್ದು ಎಲ್ಲರಿಗೂ ಗೊತ್ತಾಯಿತು. ನನಗೆ ಎಡಗೈ. ಗೆಳೆಯನಿಗೆ ಬೆನ್ನು. ಅವನ ನೋಟ್‌ಬುಕ್ ಬೂಟಿನಡಿ ಸಿಕ್ಕಿ ಒಲೆಯ ಕವಿತೆಯ ಹಾಳೆ ಹರಿದುಹೋಯಿತು.

ನಾನು ಇಲ್ಲಿ ಬರೆಯುತ್ತಿರುವುದು ದೂರು ಅಲ್ಲ. ದೂರು ಕೊಡುವ ಜಾಗವೂ ಪೆಟ್ಟು ಕೊಟ್ಟ ಜಾಗವೂ ಒಂದೇ ಆಗಿರುವ ಊರಿನಲ್ಲಿ ದೂರಿಗೆ ಏನರ್ಥ? ನಾನು ಬರೆಯುತ್ತಿರುವುದು ವಿಮರ್ಶೆ. ಯಾಕೆಂದರೆ ಅವತ್ತು ನಡೆದದ್ದು ಒಂದು ಓದು. ಕವಿತೆಯೊಂದನ್ನು ಪ್ರಭುತ್ವ ಓದಿತು, ಅರ್ಥ ಕಟ್ಟಿತು, ತೀರ್ಪು ಕೊಟ್ಟಿತು. ಆ ಓದಿನ ಕ್ರಮ ಎಂಥದ್ದು, ಅದು ಎಲ್ಲಿಂದ ಬಂತು, ಅದಕ್ಕೆ ನಾವು ಏನು ಉತ್ತರ ಕೊಡಬೇಕು ಎಂಬುದೇ ನನ್ನ ಪ್ರಶ್ನೆ.

*

ಲಾಠಿ ಓದುವ ಕ್ರಮ ಬಹಳ ಸರಳ. ಅದು ಸಾಲು ಓದುವುದಿಲ್ಲ, ಒಂದು ಪದವನ್ನು ಕೀಳುತ್ತದೆ. ಕಿತ್ತ ಪದಕ್ಕೆ ಬೇರಿಲ್ಲ, ಮಣ್ಣಿಲ್ಲ. ಅದನ್ನು ಯಾವ ಫೈಲಿಗಾದರೂ ನೆಡಬಹುದು. 'ಬೆಂಕಿ' ಒಲೆಯಿಂದ ಕಿತ್ತು ಬಂದರೆ ದೊಂಬಿಯಾಗುತ್ತದೆ.

ಆದರೆ ಈ ಓದನ್ನು ಪೊಲೀಸರೇ ಕಂಡುಹಿಡಿದರು ಎಂದು ತಿಳಿಯುವುದು ತಪ್ಪು. ನಮ್ಮ ಕನ್ನಡದ ಸಂದರ್ಭದಲ್ಲಿ ಇದರ ದೊಡ್ಡ ಪಾಠ ನಡೆದದ್ದು ನಮ್ಮ ನಾಲ್ಕು ತಾಲ್ಲೂಕಿನ ಮಗ್ಗುಲಲ್ಲೇ, ಮೈಸೂರಿನಲ್ಲಿ, 1973ರ ನವೆಂಬರಿನಲ್ಲಿ. ಪಾಠ ಹೇಳಿದವರು ಲಾಠಿ ಹಿಡಿದವರಲ್ಲ, ಪುಸ್ತಕ ಹಿಡಿದವರು.

ಬಿ. ಬಸವಲಿಂಗಪ್ಪನವರು ಆಗ ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ಮಂತ್ರಿ. ಮನುಷ್ಯನ ತಲೆಯ ಮೇಲಿಂದ ಮಲದ ಬುಟ್ಟಿ ಇಳಿಸಲು ಆಜ್ಞೆ ಮಾಡಿದ ಮನುಷ್ಯ. ಮೈಸೂರಿನ ಒಂದು ವಿಚಾರ ಸಭೆಯಲ್ಲಿ ಅವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ, ಹೊಸ ವಿಚಾರ ಬೇಕಾದರೆ ಇಂಗ್ಲಿಷ್ ಕಲಿಯಿರಿ ಎಂಬ ಅರ್ಥದ ಮಾತಾಡಿದರು. ಕೇಳುತ್ತಿದ್ದವರು ವಿದ್ಯಾರ್ಥಿಗಳು. ಇದು ಒಂದು ವಿಮರ್ಶೆಯ ಮಾತು. ಒಪ್ಪಬಹುದು, ಬಿಡಬಹುದು. ನಾನೇ ಅದನ್ನು ಪೂರ್ತಿ ಒಪ್ಪುವುದಿಲ್ಲ. ವಚನವನ್ನೂ ನಮ್ಮ ಹೆಂಗಸರ ಪದಗಳನ್ನೂ ಕನ್ನಡ ಸಾಹಿತ್ಯ ಎಂದುಕೊಂಡರೆ ಆ ಮಾತು ನಿಲ್ಲುವುದಿಲ್ಲ. ಆದರೆ ಬಸವಲಿಂಗಪ್ಪನವರ ಎದುರಿಗೆ ಯಾರೂ ವಚನ ತಂದು ಇಡಲಿಲ್ಲ. ಕಲ್ಲು ತಂದರು. ಇಡೀ ಭಾಷಣದಲ್ಲಿ ಒಂದು ಪದ ಕಿತ್ತರು: ಬೂಸಾ. ಊರೂರಿನಲ್ಲಿ ಮೆರವಣಿಗೆಯಾಯಿತು, ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದರು, ಡಿಸೆಂಬರಿನಲ್ಲಿ ಮಂತ್ರಿ ರಾಜೀನಾಮೆ ಕೊಟ್ಟರು. ಕುವೆಂಪು ಅಂಥವರು ಅವರ ಮಾತಿನ ಪರ ನಿಂತದ್ದು ನಿಜ. ಆ ದನಿ ಕಲ್ಲಿನ ಸದ್ದಿನಲ್ಲಿ ಎಷ್ಟು ಜನಕ್ಕೆ ಕೇಳಿಸಿತು?

ಈ ಪದದ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಮಂಡ್ಯ ಸೀಮೆಯಲ್ಲಿ ಬೂಸಾ ಬೈಗುಳವಲ್ಲ. ಡೈರಿಗೆ ಹಾಲು ಹಾಕುವ ಪ್ರತಿ ಮನೆಯೂ ಹಾಲಿನ ದುಡ್ಡಿನಲ್ಲಿ ಮೊದಲು ತರುವುದು ಬೂಸಾ ಚೀಲ. ಈ ಪ್ರಕರಣದ ಕತೆಯನ್ನು ನನ್ನ ಅಜ್ಜಿಗೆ ಹೇಳಿದೆ. ಅವಳು ನಕ್ಕಳು. "ಬೂಸ ಆಕ್ದೆ ಆಲು ಕರದವ್ರು ಯಾರ್ಲಾ? ಬೂಸ ಅಂದ್ರೆ ಸಿಟ್ಟು ಯಾಕ್ ಬಂತು ಅವ್ರಿಗೆ? ಅಸ ಕಟ್ಟಿಲ್ವೇನೋ ಪಾಪ!" ಎಂದಳು. ಎಷ್ಟೋ ದಪ್ಪ ದಪ್ಪ ವಿಮರ್ಶೆಯಲ್ಲಿ ಸಿಗದ ಮಾತು ಇದು. ಹಸು ಕಟ್ಟಿದವರಿಗೆ ಆ ಪದದಲ್ಲಿ ಹಾಲಿನ ವಾಸನೆ ಬಂದರೆ, ಪುಸ್ತಕ ಕಟ್ಟಿದವರಿಗೆ ಅವಮಾನದ ವಾಸನೆ ಬಂತು. ಸಿಟ್ಟು ಬಂದದ್ದು ಪದಕ್ಕಲ್ಲ. ಆಡಿದ ಬಾಯಿಗೆ. ಇದೇ ಮಾತನ್ನು ಬೇರೆ ಜಾತಿಯ ಪಂಡಿತರೊಬ್ಬರು ಸಂಸ್ಕೃತದ ಪದದಲ್ಲಿ ಹೇಳಿದ್ದರೆ ಅದು ಮೂರು ದಿನದ ಚರ್ಚೆಯಾಗುತ್ತಿತ್ತು. ಕಾಲೇಜಿಗೆ ರಜೆ ಸಿಗುತ್ತಿರಲಿಲ್ಲ.

ಬೂಸಾದಿಂದ ಕಲಿಯಬೇಕಾದ ಎರಡು ಪಾಠಗಳಿವೆ. ಒಂದು: ಪದ ಕೀಳುವ ಓದು ಮೊದಲು ಹುಟ್ಟುವುದು ಸಮಾಜದಲ್ಲಿ, ಆಮೇಲೆ ಅದು ಠಾಣೆಗೆ ಹೋಗುತ್ತದೆ. ಎರಡು: ಆ ಓದಿಗೆ ನಮ್ಮ ಹಿರಿಯರು ಕೊಟ್ಟ ಉತ್ತರ. ಅವರು ಪೆಟ್ಟಿಗೆ ಪೆಟ್ಟು ಎಂದು ಕೂರಲಿಲ್ಲ. ದಲಿತ ಸಂಘರ್ಷ ಸಮಿತಿ ಕಟ್ಟಿದರು, 'ಪಂಚಮ'ದಂಥ ಪತ್ರಿಕೆ ಮಾಡಿದರು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಬಂತು. ಒಂದು ಪದಕ್ಕೆ ಸಾವಿರ ಪದ ಹುಟ್ಟಿತು. ಮಾತಿಗೆ ಮಾತೇ ಉತ್ತರ ಎಂಬುದು ಬರೀ ತತ್ತ್ವವಲ್ಲ, ನಮ್ಮ ಚಳವಳಿಯ ಜಾತಕ.

*

ಬೂಸಾ ಆಗಿ ನಲವತ್ತಾರು ವರ್ಷಕ್ಕೆ ಅದೇ ಮೈಸೂರು. ಈ ಸಲ ಮಾನಸಗಂಗೋತ್ರಿ. ನಮ್ಮ ನಾಲ್ಕು ತಾಲ್ಲೂಕಿನಿಂದ ಎಂ.ಎ. ಮಾಡಬೇಕೆಂದು ಬೆಳಿಗ್ಗೆ ಬಸ್ಸು ಹತ್ತುವ ಮಕ್ಕಳ ಗಂಗೋತ್ರಿ.

2020ರ ಜನವರಿ 5ರಂದು ದಿಲ್ಲಿಯ ಜೆಎನ್‌ಯು ಹಾಸ್ಟೆಲುಗಳಿಗೆ ಮುಸುಕು ಹಾಕಿಕೊಂಡವರು ನುಗ್ಗಿ ಹೊಡೆದರು. ಅದನ್ನು ಖಂಡಿಸಿ ಜನವರಿ 8ರಂದು ಗಂಗೋತ್ರಿಯಲ್ಲಿ ವಿದ್ಯಾರ್ಥಿಗಳು ಸೇರಿದರು. ಅಲ್ಲಿ ಒಬ್ಬ ಯುವತಿ ಒಂದು ಫಲಕ ಹಿಡಿದಿದ್ದಳು. ಅದರಲ್ಲಿ ಇದ್ದದ್ದು ಎರಡೇ ಪದ: ಫ್ರೀ ಕಾಶ್ಮೀರ್. ಪೊಲೀಸರು ತಾವಾಗಿಯೇ ಕೇಸು ಹಾಕಿದರು. ಭಾರತ ದಂಡ ಸಂಹಿತೆಯ 124ಎ, ಅಂದರೆ ರಾಜದ್ರೋಹ. ಗಾಂಧಿಗೂ ತಿಲಕರಿಗೂ ಬ್ರಿಟಿಷರು ಹಾಕಿದ ಅದೇ ಕಲಂ. ಮೈಸೂರಿನ ವಕೀಲರ ಸಂಘ ಆಕೆಯ ಪರ ಯಾರೂ ವಕಾಲತ್ತು ಹಾಕಬಾರದೆಂದು ತೀರ್ಮಾನ ಮಾಡಿತು. ಬೇರೆ ಊರುಗಳಿಂದ ನೂರಕ್ಕೂ ಹೆಚ್ಚು ವಕೀಲರು ಬಂದು ಸಹಿ ಹಾಕಿ ನಿಂತರು. ಜನವರಿ ಕೊನೆಗೆ ಜಾಮೀನು ಸಿಕ್ಕಿತು.

ಕಾಶ್ಮೀರದಲ್ಲಿ ತಿಂಗಳುಗಟ್ಟಲೆ ಇಂಟರ್‌ನೆಟ್ ಕಿತ್ತುಹಾಕಿದ್ದಾರೆ, ಆ ನಿರ್ಬಂಧದಿಂದ ಬಿಡಿಸಿ ಎಂಬುದು ನನ್ನ ಅರ್ಥ ಎಂದು ಆಕೆ ಹೇಳಿದಳು. ನಂಬುವುದು ಬಿಡುವುದು ಓದುವವರಿಗೆ ಬಿಟ್ಟದ್ದು. ಆದರೆ ತಾರೀಖು ನೋಡಿ. ಆಕೆ ಫಲಕ ಹಿಡಿದದ್ದು ಜನವರಿ 8. ಜನವರಿ 10ರಂದು, ಎರಡೇ ದಿನಕ್ಕೆ, ಸುಪ್ರೀಂ ಕೋರ್ಟು ಅನುರಾಧಾ ಭಾಸಿನ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅದೇ ಕಾಶ್ಮೀರ, ಅದೇ ಇಂಟರ್‌ನೆಟ್. ಇಂಟರ್‌ನೆಟ್ಟಿನ ಮೂಲಕ ಮಾತಾಡುವುದಕ್ಕೂ ಸಂವಿಧಾನದ 19ನೇ ವಿಧಿಯ ರಕ್ಷಣೆ ಇದೆ, ಅನಿರ್ದಿಷ್ಟ ಕಾಲ ಕಡಿಯುವಂತಿಲ್ಲ, ನ್ಯಾಯವಾದ ಅಭಿಪ್ರಾಯವನ್ನು ಹತ್ತಿಕ್ಕಲು 144ನೇ ಸೆಕ್ಷನ್ ಬಳಸುವಂತಿಲ್ಲ ಎಂದಿತು. ಮೈಸೂರಿನಲ್ಲಿ ಹುಡುಗಿಯೊಬ್ಬಳು ಎರಡು ಪದದಲ್ಲಿ ಎತ್ತಿದೆನೆಂದ ಪ್ರಶ್ನೆಯನ್ನು ದಿಲ್ಲಿಯಲ್ಲಿ ನ್ಯಾಯಮೂರ್ತಿಗಳು ನೂರಾರು ಪ್ಯಾರಾದಲ್ಲಿ ಚರ್ಚಿಸಿದರು. ಒಂದು ಕಡೆ ಅದು ತೀರ್ಪು, ಇನ್ನೊಂದು ಕಡೆ ದ್ರೋಹ! ಎರಡರ ನಡುವಿನ ವ್ಯತ್ಯಾಸ ವಿಚಾರದ್ದಲ್ಲ, ಓದಿದವರದ್ದು.

ಆ ಚಳಿಗಾಲ ಕರ್ನಾಟಕದಲ್ಲಿ ಇಂಥ ಓದಿನ ಸುಗ್ಗಿಯೇ ನಡೆಯಿತು. ಅದೇ ಜನವರಿಯಲ್ಲಿ ಆನೆಗೊಂದಿ ಉತ್ಸವದ ಕವಿಗೋಷ್ಠಿಯಲ್ಲಿ ಸಿರಾಜ್ ಬಿಸರಳ್ಳಿ 'ನಿನ್ನ ದಾಖಲೆ ಯಾವಾಗ ನೀಡುತ್ತೀ?' ಎಂಬ ಕವಿತೆ ಓದಿದರು. ಜನರ ಬಳಿ ದಾಖಲೆ ಕೇಳುವವನ ಬಳಿ ಜನರೇ ತಿರುಗಿ ದಾಖಲೆ ಕೇಳುವ ಕವಿತೆ ಅದು. ಕವಿಯ ಮೇಲೂ ಅದನ್ನು ಹಂಚಿದ ಪತ್ರಕರ್ತರ ಮೇಲೂ ಕೇಸಾಯಿತು, ಇಬ್ಬರೂ ಬಂಧನಕ್ಕೆ ಒಳಗಾಗಿ ಜಾಮೀನಿನ ಮೇಲೆ ಬಂದರು. ಬೀದರಿನ ಶಾಹೀನ್ ಶಾಲೆಯಲ್ಲಿ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ನಾಟಕವಾಡಿದರು. ನಾಟಕದ ಒಂದು ಮಾತು ಕಿತ್ತು ರಾಜದ್ರೋಹ ಹೊರಿಸಿದರು. ಶಾಲೆಯ ಮುಖ್ಯೋಪಾಧ್ಯಾಯಿನಿಯೂ ಒಬ್ಬ ಮಗುವಿನ ತಾಯಿಯೂ ಜೈಲಿಗೆ ಹೋದರು. ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದು ಎಳೆಯ ಮಕ್ಕಳನ್ನು ಕೂರಿಸಿಕೊಂಡು ವಿಚಾರಿಸಿದರು. ಹೈಕೋರ್ಟಿನ ಕಲಬುರಗಿ ಪೀಠ ಆ ಕೇಸನ್ನು ರದ್ದು ಮಾಡಿದ್ದು 2023ರ ಜೂನ್‌ನಲ್ಲಿ. ಮೂರೂವರೆ ವರ್ಷ! ನಾಟಕವಾಡಿದ ಮಗು ಅಷ್ಟರಲ್ಲಿ ಎಷ್ಟು ತರಗತಿ ದಾಟಿತು, ಎಷ್ಟು ಮಾತು ನುಂಗಿತು ಎಂಬ ಲೆಕ್ಕ ಯಾವ ಆದೇಶದಲ್ಲೂ ಇರುವುದಿಲ್ಲ.

ಗೆಳೆಯರೇ, ಇಲ್ಲಿ ಒಂದು ವಿಷಯ ಗಮನಿಸಬೇಕು. ಈ ಕೇಸುಗಳು ಕೋರ್ಟಿನಲ್ಲಿ ಗೆಲ್ಲುವುದಕ್ಕೆಂದು ಹಾಕಿದವಲ್ಲ. ಬಿದ್ದುಹೋಗುವ ಕೇಸಿಗೂ ಒಂದು ಕೆಲಸವಿದೆ. ಅದು ಮುಂದಿನ ಕವಿಯನ್ನು ಬರೆಯುವ ಮೊದಲೇ ತಿದ್ದುತ್ತದೆ. ನನ್ನ ಗೆಳೆಯ ಅವತ್ತಿನಿಂದ 'ಬೆಂಕಿ' ಎಂದು ಬರೆಯುವುದಿಲ್ಲ. ಒಲೆಯ ಬಗ್ಗೆ ಬರೆದರೂ 'ಬೆಳಕು' ಎನ್ನುತ್ತಾನೆ. ಕವಿತೆ ಸುಳ್ಳಾಗುವುದು ಹೀಗೆ. ಅವರವ್ವ ಊದಿದ್ದು ಬೆಳಕಲ್ಲ. ಹೊಗೆ ಕುಡಿದು ಕಣ್ಣು ಕಳಕೊಂಡದ್ದು ಬೆಂಕಿಯಿಂದ. ಲಾಠಿ ಅವನ ಬೆನ್ನಿಗೆ ಬಿದ್ದದ್ದು ವಾಸಿಯಾಯಿತು. ಪದಕ್ಕೆ ಬಿದ್ದದ್ದು ವಾಸಿಯಾಗಿಲ್ಲ.

*

ಹಾಗಾದರೆ ಪ್ರಭುತ್ವಕ್ಕೆ ಕವಿತೆ ಓದಲು ಬರುವುದೇ ಇಲ್ಲವೇ? ಬರುತ್ತದೆ. ಅದಕ್ಕೂ ಪುರಾವೆ ಇದೆ.

ರಾಜ್ಯಸಭಾ ಸದಸ್ಯ, ಉರ್ದು ಕವಿ ಇಮ್ರಾನ್ ಪ್ರತಾಪಗಢಿ ಒಂದು ವಿಡಿಯೋ ಹಾಕಿದರು, ಅದರ ಹಿನ್ನೆಲೆಯಲ್ಲಿ ಒಂದು ಕವಿತೆ ಕೇಳುತ್ತಿತ್ತು ಎಂದು ಗುಜರಾತಿನ ಜಾಮನಗರದಲ್ಲಿ ಪೊಲೀಸರು ಕೇಸು ದಾಖಲಿಸಿದರು. ಅಲ್ಲಿನ ಹೈಕೋರ್ಟು ಕೇಸನ್ನು ರದ್ದು ಮಾಡಲು ಒಪ್ಪಲಿಲ್ಲ. 2025ರ ಮಾರ್ಚ್ 28ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಅಭಯ್ ಓಕಾ ಮತ್ತು ಉಜ್ಜಲ್ ಭುಯಾನ್ ಅದನ್ನು ರದ್ದು ಮಾಡಿದರು. ಅವರು ಮಾಡಿದ್ದೇನು? ಕವಿತೆಯನ್ನು ಅನುವಾದ ಮಾಡಿಸಿ, ಸಾಲು ಸಾಲಾಗಿ ಓದಿದರು. ಇದರಲ್ಲಿ ಹಿಂಸೆಯ ಕರೆ ಇಲ್ಲ, ಅನ್ಯಾಯವನ್ನು ಪ್ರೀತಿಯಿಂದ ಎದುರಿಸುವ ಮಾತಿದೆ ಎಂದರು. ಮಾತಿನ ಪರಿಣಾಮವನ್ನು ಅಳೆಯಬೇಕಾದದ್ದು ಗಟ್ಟಿ ಮನಸ್ಸಿನ, ವಿವೇಕವುಳ್ಳ ಜನರ ಅಳತೆಯಿಂದ. ಎಲ್ಲದಕ್ಕೂ ಬೆದರುವ ದುರ್ಬಲ ಮನಸ್ಸಿನ ಅಳತೆಯಿಂದಲ್ಲ ಎಂದರು. ಪೊಲೀಸರೂ ಸಂವಿಧಾನಕ್ಕೆ ಬದ್ಧರು, ಇಂಥ ದೂರು ಬಂದಾಗ ಮೊದಲು ಆ ಮಾತನ್ನು ಓದಿ ಅರ್ಥ ಮಾಡಿಕೊಳ್ಳಬೇಕು ಎಂದರು.

ಇದನ್ನು ನಾನು ಕೋರ್ಟಿನ ಹೊಗಳಿಕೆಗಾಗಿ ಬರೆಯುತ್ತಿಲ್ಲ. ಕೋರ್ಟು ಹೇಳಿದ್ದು ನಮ್ಮ ಪೇದೆ ಹೊಂಗೆ ಮರದ ಕೆಳಗೆ ಮಾಡಿದ್ದನ್ನೇ. ಅವರು ಎರಡನೇ ಸಲ ಓದಿದರು. ಎರಡನೇ ಸಲ ಓದಿದಾಗ ಅವರಿಗೆ ಅವರ ತಾಯಿ ಕಂಡಳು. ಅವರೂ ನಮ್ಮ ಹಾಗೇ ಯಾವುದೋ ಹಟ್ಟಿಯಿಂದ ಎದ್ದು ಬಂದು ಖಾಕಿ ಹಾಕಿಕೊಂಡವರು. ಅವರ ಕಣ್ಣಿಗೆ ಓದಲು ಬಂತು. ಆಜ್ಞೆಗೆ ಬರಲಿಲ್ಲ. ಆದ್ದರಿಂದ ನಮ್ಮ ಜಗಳ ಪೇದೆಯ ಜೊತೆಗಲ್ಲ, ಒಂದೇ ಸಲ ಓದಿ ಸಾಕು ಎನ್ನುವ ವ್ಯವಸ್ಥೆಯ ಜೊತೆಗೆ.

ಆ ವ್ಯವಸ್ಥೆ ನಮ್ಮಲ್ಲಿ ಹೇಗಿದೆ ಎಂಬುದನ್ನು ಹಳ್ಳಿ ಮೇಷ್ಟ್ರುಗಳೂ ವಿದ್ಯಾರ್ಥಿಗಳೂ ತಿಳಿದಿರಬೇಕು. ನಮ್ಮ ನಾಲ್ಕೂ ತಾಲ್ಲೂಕುಗಳು ಸೇರಿ ಪಾಂಡವಪುರ ಉಪವಿಭಾಗ. ಹಳೆಯ 144ನೇ ಸೆಕ್ಷನ್ ಹೋಗಿ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಬಂದಿದೆ. ಹೆಸರು ಹೊಸದು, ಗುಣ ಹಳೆಯದು. ಜಿಲ್ಲೆಯ ಅಥವಾ ಉಪವಿಭಾಗದ ಮ್ಯಾಜಿಸ್ಟ್ರೇಟರು ಈ ಆಜ್ಞೆ ಮಾಡಬಹುದು. ಅದು ಬರಹದಲ್ಲಿರಬೇಕು, ಕಾರಣ ಹೇಳಿರಬೇಕು, ಸಾಮಾನ್ಯವಾಗಿ ಎರಡು ತಿಂಗಳು ಮೀರುವಂತಿಲ್ಲ. ಅದೇ ಸಂಹಿತೆಯ 148ನೇ ಸೆಕ್ಷನ್ ಪ್ರಕಾರ ಗುಂಪನ್ನು ಚದುರಿಸಬೇಕಾದರೆ ಮೊದಲು ಚದುರಿ ಎಂದು ಆಜ್ಞೆ ಮಾಡಬೇಕು, ಆಮೇಲೆ ಬಲ. ಬಾಯಿ ಮೊದಲು, ಕೋಲು ಆಮೇಲೆ. ನಮ್ಮಲ್ಲಿ ಆದದ್ದು ಉಲ್ಟಾ.

ನಿಷೇಧಾಜ್ಞೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. 2024ರ ಸೆಪ್ಟೆಂಬರ್ 11ರಂದು ನಾಗಮಂಗಲದಲ್ಲಿ ಗಣಪತಿ ಮೆರವಣಿಗೆಯ ಹೊತ್ತಿನಲ್ಲಿ ಕಲ್ಲು ತೂರಿ, ಅಂಗಡಿ ಸುಟ್ಟು ಹೋದದ್ದನ್ನು ನೋಡಿದ್ದೇವೆ. 2022ರ ಜೂನ್‌ನಲ್ಲಿ ಶ್ರೀರಂಗಪಟ್ಟಣ ಚಲೋ ಎಂದು ಮಸೀದಿಯ ಕಡೆ ಹೊರಟಾಗ 144 ಹಾಕಿದ್ದನ್ನೂ ನೋಡಿದ್ದೇವೆ. ನಿಜವಾದ ಬೆಂಕಿ ಬಿದ್ದಾಗ ಪೊಲೀಸರು ಬೇಕು. ಬಡವನ ಗೂಡಂಗಡಿ ಉಳಿಯಬೇಕಾದರೆ ಅವರು ಬೇಗ ಬರಬೇಕು. ಕೇರಿಗೆ ಕಲ್ಲು ಬಿದ್ದಾಗ ನಾವು ಓಡುವುದೂ ಠಾಣೆಗೇ. ನಾನು ಕೇಳುವುದು ಇಷ್ಟೆ: ಬೀದಿಯಲ್ಲಿ ಬಿದ್ದ ಬೆಂಕಿಗೂ ಕವಿತೆಯಲ್ಲಿ ಬಂದ ಬೆಂಕಿಗೂ ವ್ಯತ್ಯಾಸ ಕಾಣದ ಕಣ್ಣಿಗೆ ಕೋಲು ಕೊಟ್ಟವರು ಯಾರು?

*

ಈಗ ನಮ್ಮ ಮೈಯ ಮೇಲಿನ ಕಸ ನೋಡಿಕೊಳ್ಳೋಣ. ಬೇರೆಯವರ ಓದನ್ನು ಬಯ್ಯುವುದು ಸುಲಭ. ಆತ್ಮವಂಚನೆ ಮಾಡಿಕೊಂಡ ಬಂಡಾಯ ಬಂಡಾಯವಲ್ಲ.

2016ರ ಆಗಸ್ಟಿನಲ್ಲಿ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಆಮ್ನೆಸ್ಟಿ ಸಂಸ್ಥೆ ಕಾಶ್ಮೀರದ ಬಗ್ಗೆ ಸಭೆ ಮಾಡಿತು. ಆ ಸಂಸ್ಥೆಯ ಮೇಲೆ ರಾಜದ್ರೋಹದ ಕೇಸು ಬಿತ್ತು. ಅದಕ್ಕೆ ನಾವು ಸಿಟ್ಟಾದೆವು. ಅದೇ ವಾರ ಆ ಸಂಸ್ಥೆಯ ವಿರುದ್ಧ ಪ್ರತಿಭಟನೆಗೆ ಬಂದ ಎಬಿವಿಪಿ ಹುಡುಗರ ಮೇಲೂ ಲಾಠಿ ಬಿತ್ತು. ಅದಕ್ಕೆ ನಾವು ಸಿಟ್ಟಾದೆವೇ? ಹಾಸ್ಟೆಲಿನಲ್ಲಿ ಹಿರಿಯರು ಆ ಕತೆಯನ್ನು ನಗುತ್ತ ಹೇಳಿದ್ದನ್ನು ನಾನು ಕೇಳಿದ್ದೇನೆ, ಕೇಳಿ ನಾನೂ ನಕ್ಕಿದ್ದೇನೆ. ನನ್ನ ಎಡಗೈಗೆ ಪೆಟ್ಟು ಬೀಳುವ ತನಕ ಆ ನಗುವಿನಲ್ಲಿ ತಪ್ಪೇನಿದೆ ಎಂದು ತಿಳಿಯಲಿಲ್ಲ. ಅವರ ವಿಚಾರ ನಮಗೆ ವಿಷ. ಆದರೆ ವಿಚಾರಕ್ಕೆ ಔಷಧಿ ವಿಚಾರ. ಬೆನ್ನಿನ ಮೇಲೆ ಬರೆಯುವ ಲಾಠಿಗೆ ಪಕ್ಷವಿಲ್ಲ, ಇವತ್ತು ಅವರ ಬೆನ್ನು, ನಾಳೆ ನಮ್ಮದು. ನಮ್ಮದರ ಮೇಲೆ ಸ್ವಲ್ಪ ಜೋರಾಗಿ, ಅಷ್ಟೆ.

ಇನ್ನೂ ಕಷ್ಟದ ಪ್ರಶ್ನೆ ಇದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಾಲೇಜು ಹಬ್ಬದ ಒಂದು ಪ್ರಹಸನದಲ್ಲಿ ಬಾಬಾಸಾಹೇಬರನ್ನೂ ದಲಿತರನ್ನೂ ಗೇಲಿ ಮಾಡಿದರು. ಆ ವಿಡಿಯೋ ನೋಡಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಕೇಸಾಯಿತು, ಬಂಧನವಾಯಿತು. ನಾವೆಲ್ಲ ಬಂಧಿಸಿ ಎಂದೇ ಕೂಗಿದೆವು. ದೌರ್ಜನ್ಯ ತಡೆ ಕಾಯ್ದೆ 1989ರಲ್ಲಿ ಬಂದದ್ದು ಸುಮ್ಮನೆ ಅಲ್ಲ, ಹೆಣಗಳ ಮೇಲೆ ಬಂದ ಕಾಯ್ದೆ ಅದು. ಶತಮಾನಗಳಿಂದ ತುಳಿದವರು ತುಳಿತಕ್ಕೆ ಒಳಗಾದವರನ್ನು ನೋಡಿ ನಗುವುದೂ, ತುಳಿತಕ್ಕೆ ಒಳಗಾದವನು ತುಳಿದವನನ್ನು ಪ್ರಶ್ನಿಸುವುದೂ ಒಂದೇ ತಕ್ಕಡಿಯಲ್ಲಿ ತೂಗುವ ಮಾತಲ್ಲ. ಅದನ್ನು ಒಂದೇ ಎನ್ನುವವರು ನ್ಯಾಯದ ಹೆಸರಿನಲ್ಲಿ ಮೋಸ ಮಾಡುತ್ತಾರೆ.

ಆದರೂ ನನ್ನನ್ನು ನಾನು ಕೇಳಿಕೊಳ್ಳಬೇಕು: ಆ ಹುಡುಗರು ಠಾಣೆಗೆ ಹೋದದ್ದರಿಂದ ನಮಗೆ ಸಿಕ್ಕಿದ್ದೇನು? ಅವರು ಕೇರಿ ನೋಡಿದರೇ? ಬಾಬಾಸಾಹೇಬರ ಒಂದು ಪುಟ ಓದಿದರೇ? ಬಾಯಿ ಮುಚ್ಚಿಕೊಳ್ಳುವುದನ್ನು ಕಲಿತರು, ಮನಸ್ಸನ್ನಲ್ಲ. ಆ ವಿಶ್ವವಿದ್ಯಾಲಯದ ಅಂಗಳಕ್ಕೆ ಹೋಗಿ ನೂರು ಜನ ನಮ್ಮ ಕವಿತೆ ಓದುವ ಅವಕಾಶ ಇತ್ತು. ಬೂಸಾ ಕಲಿಸಿದ ಪಾಠ ಅದು. ಅದನ್ನು ನಾವು ಠಾಣೆಗೆ ಒಪ್ಪಿಸಿ ಮನೆಗೆ ಬಂದೆವು. ಇದನ್ನು ಬರೆದದ್ದಕ್ಕೆ ನನ್ನ ಗೆಳೆಯರೇ ನನ್ನನ್ನು ಬಯ್ಯಬಹುದು. ಬಯ್ಯಲಿ, ಇದೇ ಪತ್ರಿಕೆಯಲ್ಲಿ ಬಯ್ಯಲಿ.

ಮೂರನೆಯ ಮಾತು ನಮ್ಮ ಘೋಷಣೆಯದ್ದು. ಬಂಡಾಯ ಚಳವಳಿ ಕಾವ್ಯವನ್ನು ಖಡ್ಗ ಎಂದಿತು. ಅದೇ ಘೋಷಣೆಯಲ್ಲಿ ಖಡ್ಗದ ಮಗ್ಗುಲಲ್ಲೇ ಪ್ರಾಣಮಿತ್ರ ಎಂಬ ಮಾತೂ ಇದೆ. ಈ ಎಲ್ಲ ವರ್ಷಗಳಲ್ಲಿ ನಾವು ವೇದಿಕೆಯಿಂದ ಕೂಗಿದ್ದು ಯಾವುದು? ಮೊದಲನೆಯದ್ದು. ಎರಡನೆಯದ್ದನ್ನು ಗೋಡೆಯ ಮೇಲೆ ಬಿಟ್ಟೆವು. ನಾವೂ ಪದ ಕಿತ್ತವರೇ! ನಮ್ಮ ಎಷ್ಟೋ ಕವಿತೆಗಳಲ್ಲಿ ಬೆಂಕಿ, ಬಿರುಗಾಳಿ, ನೆತ್ತರು ಎಂಬ ಪದಗಳು ಯಾವ ಒಲೆಯೂ ಇಲ್ಲದೆ, ಯಾವ ಗಾಯವೂ ಇಲ್ಲದೆ ಬಂದುಬಿಟ್ಟವು. ಒಲೆಯಿಲ್ಲದ ಬೆಂಕಿ ಬರೆದು ಬರೆದು ನಾವೇ ಅದನ್ನು ಬರಿಯ ಪದ ಮಾಡಿದೆವು. ಲಾಠಿಗೆ ಅದನ್ನು ಕೀಳುವುದು ಸುಲಭವಾಯಿತು. ನನ್ನ ಗೆಳೆಯನ ಕವಿತೆಯಲ್ಲಿ ಅದು ಬೇರು ಬಿಟ್ಟಿತ್ತು. ಆದ್ದರಿಂದಲೇ ಪೇದೆಯ ಕೈಯಲ್ಲಿ ಅದು ಕೀಳಲು ಬಾರದೆ ನಿಂತಿತು. ಇದು ನಮ್ಮ ಬರವಣಿಗೆಗೆ ಆದ ವಿಮರ್ಶೆ, ಖಾಕಿಯವರು ಮಾಡಿದ್ದಾದರೂ ಸರಿ.

*

ಅವತ್ತು ನಮಗೆ ಮೈಸೂರ ಮಲ್ಲಿಗೆ ಹಾಡಿ ಎಂದರಲ್ಲ, ಆ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಕೆ.ಎಸ್. ನರಸಿಂಹಸ್ವಾಮಿ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯವರು. ಪು.ತಿ.ನ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯವರು. ಅವರು ದೊಡ್ಡ ಕವಿಗಳು, ನಮ್ಮವರೇ, ನಾನು ಅವರ ಕವಿತೆ ಓದಿ ಕವಿಯಾದವನು. ತಪ್ಪು ಅವರದ್ದಲ್ಲ. ಒಂದು ಕವಿತೆಯನ್ನು ಇನ್ನೊಂದರ ಬಾಯಿಗೆ ತುರುಕುವ ಬಟ್ಟೆ ಮಾಡಿಕೊಂಡವರದ್ದು. ಒಂದೇ ನೀರು ಕುಡಿದ ನೆಲದಲ್ಲಿ ಒಬ್ಬನ ಒಲವಿಗೆ ಅನುಮತಿ ಬೇಡ, ಇನ್ನೊಬ್ಬನ ಒಲೆಗೆ ಬೇಕು. ಈ ವ್ಯತ್ಯಾಸ ಹೇಳದ ಸಾಹಿತ್ಯ ಚರಿತ್ರೆ ಅರ್ಧ ಚರಿತ್ರೆ.

2015ರ ಅಕ್ಟೋಬರಿನಲ್ಲಿ ದಾವಣಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದ ಹುಚ್ಚಂಗಿ ಪ್ರಸಾದ್ ಎಂಬ ದಲಿತ ವಿದ್ಯಾರ್ಥಿಯನ್ನು ಸುಳ್ಳು ಹೇಳಿ ಹೊರಗೆ ಕರೆದೊಯ್ದು ಹೊಡೆದರು. 'ಒಡಲ ಕಿಚ್ಚು' ಎಂಬ ಪುಸ್ತಕದಲ್ಲಿ ಜಾತಿಯ ವಿರುದ್ಧ ಬರೆದದ್ದೇ ಕಾರಣ, ಬರೆಯುವ ಬೆರಳನ್ನೇ ಕತ್ತರಿಸುತ್ತೇವೆಂದು ಬೆದರಿಸಿದರು ಎಂದು ಆತ ಹೇಳಿದ. ಅಲ್ಲಿಯೂ ಕಿಚ್ಚು, ಇಲ್ಲಿಯೂ ಬೆಂಕಿ. ನಮ್ಮ ಒಡಲಿನದ್ದೇ ಆದರೂ ಅದನ್ನು ನಾವು ಹೆಸರಿಟ್ಟು ಕರೆಯಬಾರದು.

ಕೈ ಊದಿಸಿಕೊಂಡು ಅವತ್ತು ರಾತ್ರಿ ಮನೆಗೆ ಹೋದೆ. ಅಜ್ಜಿ ಅರಿಶಿನ ಹಚ್ಚುತ್ತ ಕೇಳಿದಳು. "ಏನ್ ಕದ್ದೆ ಮಗ?"

"ಕದೀನಿಲ್ಲಜ್ಜಿ. ಪದ ಓದಕ್ಕೋದೆ."

"ಪದಕ್ಕೂ ಒಡೀತಾರಾ? ನಾನು ಬೀಸೋವಾಗ, ನಾಟಿ ಆಕೋವಾಗ ಎಷ್ಟು ಪದ ಹೇಳಿವ್ನಿ. ಗೌಡ್ರ ಗದ್ದೇಲೇ ನಿಂತ್ಕಂಡು ಗೌಡ್ರನ್ನ ಬೈದು ಹೇಳಿವ್ನಿ. ಒಂದಿನಾನೂ ಯಾರೂ ಒಡೀನಿಲ್ಲ."

ನಾನು ಬಹಳ ಹೊತ್ತು ಯೋಚನೆ ಮಾಡಿದೆ. ಯಾಕೆ ಹೊಡೆಯಲಿಲ್ಲ? ಅವಳ ಕಾಲ ಒಳ್ಳೆಯದಿತ್ತೇ? ಅಲ್ಲ. ಅವಳ ಪದ ಅವರಿಗೆ ಕೇಳಿಸುತ್ತಲೇ ಇರಲಿಲ್ಲ. ಕೆಸರಿನಲ್ಲಿ ಬಗ್ಗಿದ ಬೆನ್ನಿನಿಂದ ಬಂದ ಮಾತನ್ನು ಅವರು ಮಾತೆಂದೇ ಎಣಿಸಲಿಲ್ಲ, ಕಪ್ಪೆ ವಟಗುಟ್ಟಿದ ಹಾಗೆ. ನಾಗಮಂಗಲ ತಾಲ್ಲೂಕಿನ ಎಚ್.ಎಲ್. ನಾಗೇಗೌಡರಂಥವರು ಅಂಥ ಪದಗಳನ್ನು ಹುಡುಕಿ ಬರೆದುಕೊಂಡಾಗ ಅವು ಜಾನಪದ ಎನಿಸಿಕೊಂಡವು, ಮರ್ಯಾದೆ ಪಡೆದವು. ಅದೇ ಪದ ಅವಳ ಮೊಮ್ಮಗನ ಬಾಯಲ್ಲಿ, ಕಾಲೇಜಿನ ಅಂಗಳದಲ್ಲಿ, ಮೈಕಿನ ಮುಂದೆ, ಅವನದೇ ಸಹಿಯೊಂದಿಗೆ ಬಂದಾಗ ಅದು ಕಾನೂನು ಸುವ್ಯವಸ್ಥೆಯ ಪ್ರಶ್ನೆಯಾಯಿತು. ಅಂದರೆ ಈಗ ಅವರಿಗೆ ಕೇಳಿಸುತ್ತಿದೆ. ಲಾಠಿ ಬೀಳುವುದು ಕೇಳಿಸಿದ ಮಾತಿನ ಮೇಲೆ. ಇದು ಸಮಾಧಾನದ ಮಾತಲ್ಲ. ಆದರೆ ಸುಳ್ಳೂ ಅಲ್ಲ.

ಆದ್ದರಿಂದ ನಾಲ್ಕು ತಾಲ್ಲೂಕಿನ ಗೆಳೆಯರಿಗೆ, ಮೇಷ್ಟ್ರುಗಳಿಗೆ ನನ್ನ ಕೋರಿಕೆ ಇಷ್ಟೆ. ಗೋಷ್ಠಿ ನಿಲ್ಲಿಸಿ ಎಂದು ಬಂದವರ ಬಳಿ ಆಜ್ಞೆ ಬರಹದಲ್ಲಿದೆಯೇ ಎಂದು ಕೇಳಿ, ಓದಿ, ಪ್ರತಿ ಇಸಕೊಳ್ಳಿ. ಕವಿತೆ ಕೇಳಿದರೆ ಕೊಡಿ, ಆದರೆ ಅವರ ಎದುರೇ ಗಟ್ಟಿಯಾಗಿ ಪೂರ್ತಿ ಓದಿ ಹೇಳಿ. ಒಂದು ಪದ ಕಿತ್ತುಕೊಂಡು ಹೋಗಲು ಬಿಡಬೇಡಿ. ನಿಮಗೆ ಆಗದವರ ಸಭೆ ನಿಲ್ಲಿಸಿ ಎಂದು ನೀವೂ ಠಾಣೆಗೆ ಅರ್ಜಿ ಹಾಕಬೇಡಿ. ಎದ್ದು ನಿಂತು ಪ್ರಶ್ನೆ ಕೇಳಿ. ಮೇಷ್ಟ್ರೇ, ನಿಮ್ಮ ತರಗತಿಯಲ್ಲಿ ಒಂದು ಕವಿತೆಯನ್ನು ಎರಡು ಸಲ ಓದಿಸಿ. ನಾಳೆ ಖಾಕಿ ಹಾಕುವವನೂ, ಕರಿ ಕೋಟು ಹಾಕುವವನೂ ಅದೇ ಬೆಂಚಿನಲ್ಲಿ ಕೂತಿದ್ದಾನೆ.

ಬರುವ ಏಪ್ರಿಲ್‌ನಲ್ಲಿ ನಾವು ಮತ್ತೆ ಸೇರುತ್ತೇವೆ. ಕಾಲೇಜಿನೊಳಗೆ ಬಿಡದಿದ್ದರೆ ನಮ್ಮ ಕೇರಿಯ ಅರಳಿಕಟ್ಟೆ ಇದೆ. ಮೊದಲು ಅಜ್ಜಿ ಪದ ಹೇಳುತ್ತಾಳೆ. ಆಮೇಲೆ ನನ್ನ ಗೆಳೆಯ ಹರಿದ ಹಾಳೆಯ ಕವಿತೆಯನ್ನು ನೆನಪಿನಿಂದ ಓದುತ್ತಾನೆ. 'ಬೆಳಕು' ಎಂದು ತಿದ್ದಿದ್ದನ್ನು ಹೊಡೆದುಹಾಕಿ ನಾಲ್ಕೂ ಕಡೆ 'ಬೆಂಕಿ' ಎಂದೇ ಓದಬೇಕೆಂದು ಅವನಿಗೆ ಹೇಳಿದ್ದೇನೆ. ಇನ್ನೂ ಒಪ್ಪಿಲ್ಲ. ಆ ಪೇದೆಯವರನ್ನೂ ಕರೆಯಬೇಕೆಂದಿದ್ದೇವೆ, ಡ್ಯೂಟಿ ಇಲ್ಲದ ದಿನ ನೋಡಿ.